ನಿಂತ ಬೆಳೆಯ ಲೆಕ್ಕ

ನವೆಂಬರ್ ತಿಂಗಳ ನಡುಭಾಗದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯಪ್ರಾಂತ್ಯದಲ್ಲಿ ಪ್ರಯಾಣ ಮಾಡುವವನಿಗೆ ಒಂದು ವಿಚಿತ್ರ ನೋಟ ಎದುರಾಗುತ್ತದೆ. ಅಯೋವಾ, ಮಿನ್ನೆಸೋಟಾ, ಉತ್ತರ ಡಕೋಟಾ ಮೊದಲಾದ ಆ ರಾಜ್ಯಗಳಲ್ಲಿ ಆ ವೇಳೆಗೆ ಚಳಿಗಾಲ ಹೊಸ್ತಿಲಿಗೆ ಬಂದಿರುತ್ತದೆ. ಮರಗಳು ಎಲೆ ಉದುರಿಸಿ ಬೋಳಾಗಿರುತ್ತವೆ. ಸೋಯಾ ಅವರೆಯ ಹೊಲಗಳು ಕೊಯ್ಲು ಮುಗಿದು ಬರಿದಾಗಿರುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಮೆಕ್ಕೆಜೋಳದ ಹೊಲಗಳು ಮಾತ್ರ ಇದ್ದಂತೆಯೇ ನಿಂತಿರುತ್ತವೆ. ಹಸುರೆಲ್ಲ ಬತ್ತಿ ಹೋದ ಎಲೆಗಳು ಗಾಳಿಗೆ ಸರಸರನೆ ಸದ್ದು ಮಾಡುತ್ತಿರುತ್ತವೆ. ಬಲಿತ ತೆನೆಗಳು ತಲೆ ಬಾಗಿಸಿ ತೂಗುತ್ತಿರುತ್ತವೆ. ಹೊಲದ ಕಡೆ ಯಾರೂ ಸುಳಿದಂತೆ ಕಾಣುವುದಿಲ್ಲ.

ದಾರಿಹೋಕನ ಮನಸ್ಸಿನಲ್ಲಿ ಆಗ ಸಹಜವಾಗಿಯೇ ಒಂದು ಪ್ರಶ್ನೆ ಮೂಡುತ್ತದೆ. ಬೆಳೆ ಕೈಗೆ ಬಂದಿದೆ; ಮಂಜು ಬೀಳುವ ಕಾಲ ಸಮೀಪಿಸಿದೆ. ಹೀಗಿದ್ದೂ ಈ ರೈತ ಏಕೆ ಸುಮ್ಮನೆ ಕುಳಿತಿದ್ದಾನೆ? ಪ್ರಶ್ನೆಯ ಹಿಂದೆಯೇ ಉತ್ತರವೂ ಸಿದ್ಧವಾಗುತ್ತದೆ: ಅವನು ಸೋಮಾರಿ, ಇಲ್ಲವೇ ಸಾಲದಲ್ಲಿ ಮುಳುಗಿ ಬೇಸಾಯವನ್ನು ಕೈಬಿಟ್ಟವನು. ಇಂಥ ತೀರ್ಪು ಕೊಡುವುದು ಸುಲಭ. ಆದರೆ ಅದು ಬಹುಪಾಲು ತಪ್ಪಾದ ತೀರ್ಪು. ನಿಂತ ಬೆಳೆಯ ಹಿಂದೆ ಅನೇಕ ವೇಳೆ ಇರುವುದು ಆಲಸ್ಯವಲ್ಲ, ಲೆಕ್ಕಾಚಾರ. ಆ ಲೆಕ್ಕವನ್ನು ಅರಿಯದೆ ರೈತನನ್ನು ಹಳಿಯುವುದು ನ್ಯಾಯವಲ್ಲ.

ಈ ಲೆಕ್ಕವು ಕಾಳಿನೊಳಗಿನ ನೀರಿನಿಂದ ಆರಂಭವಾಗುತ್ತದೆ. ಬೆಳೆ ಬಲಿಯುವುದು ಬೇರೆ, ಒಣಗುವುದು ಬೇರೆ. ಮೆಕ್ಕೆಜೋಳದ ಕಾಳಿಗೆ ಗಿಡದಿಂದ ಪೋಷಣೆ ಹರಿದು ಬರುವುದು ನಿಂತಾಗ ಕಾಳಿನ ಬುಡದಲ್ಲಿ ಒಂದು ಸಣ್ಣ ಕಪ್ಪು ಪದರ ಕಾಣಿಸಿಕೊಳ್ಳುತ್ತದೆ. ಕಾಳು ಬಲಿತಿದೆ, ಇನ್ನು ಅದರ ತೂಕ ಹೆಚ್ಚುವುದಿಲ್ಲ ಎಂಬುದಕ್ಕೆ ಅದೇ ಗುರುತು. ಆದರೆ ಆ ಹೊತ್ತಿನಲ್ಲಿ ಕಾಳಿನ ತೂಕದಲ್ಲಿ ಶೇಕಡ 30ರಿಂದ 35ರಷ್ಟು ನೀರೇ ಇರುತ್ತದೆ. ಕಣಜದಲ್ಲಿ ಕೆಡದೆ ಉಳಿಯಬೇಕಾದರೆ ಆ ನೀರು ಶೇಕಡ 15ಕ್ಕೆ ಇಳಿಯಬೇಕು. ವರ್ಷಕ್ಕಿಂತ ಹೆಚ್ಚು ಕಾಲ ಇಡಬೇಕಾದರೆ ಇನ್ನೂ ಕಡಿಮೆಯಾಗಬೇಕು. ಬಲಿತ ದಿನಕ್ಕೂ ಒಣಗಿದ ದಿನಕ್ಕೂ ನಡುವೆ ಇರುವ ಈ ಅಂತರವೇ ರೈತನ ಎಲ್ಲ ಚಿಂತೆಗಳ ಮೂಲ.

ಆ ಹೆಚ್ಚುವರಿ ನೀರನ್ನು ತೆಗೆಯಲು ಎರಡು ದಾರಿಗಳಿವೆ. ಗಿಡದ ಮೇಲೆಯೇ ಬಿಟ್ಟು ಬಿಸಿಲು ಗಾಳಿಗಳಿಂದ ಒಣಗಿಸುವುದು ಒಂದು. ಕೊಯ್ದು ತಂದು ಯಂತ್ರದಲ್ಲಿ ಬಿಸಿಗಾಳಿ ಊದಿ ಒಣಗಿಸುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಬೇಡ, ಕಾಲ ಬೇಕು. ಎರಡನೆಯದಕ್ಕೆ ಕಾಲ ಬೇಡ, ಹಣ ಬೇಕು. ಯಂತ್ರಗಳು ಸಾಮಾನ್ಯವಾಗಿ ಪ್ರೊಪೇನ್ ಎಂಬ ಅನಿಲವನ್ನು ಉರಿಸುತ್ತವೆ. ಶೇಕಡ 25ರಷ್ಟು ತೇವವಿರುವ 100 ಕ್ವಿಂಟಲ್ ಕಾಳನ್ನು ಶೇಕಡ 15ಕ್ಕೆ ಇಳಿಸಲು ಸುಮಾರು 300 ಲೀಟರ್ ಅನಿಲ ಬೇಕಾಗುತ್ತದೆ. ಎಕರೆಗೆ 45 ಕ್ವಿಂಟಲಿನಂತೆ 300 ಎಕರೆ ಬೆಳೆದ ರೈತನೊಬ್ಬ ಇಡೀ ಬೆಳೆಯನ್ನು ಹೀಗೆ ಒಣಗಿಸಹೊರಟರೆ 40 ಸಾವಿರ ಲೀಟರಿನಷ್ಟು ಅನಿಲ ಸುಡಬೇಕು. ಅದೇ ಕೆಲಸವನ್ನು ಸೂರ್ಯನೂ ಗಾಳಿಯೂ ಬಿಟ್ಟಿಯಾಗಿ ಮಾಡಿಕೊಡುವಾಗ ಕೆಲವು ವಾರ ಕಾಯುವುದರಲ್ಲಿ ಅವಿವೇಕವೇನಿದೆ?

ಒದ್ದೆ ಕಾಳನ್ನು ಹಾಗೆಯೇ ಮಾರುವ ದಾರಿಯೂ ಉಂಟು. ಆದರೆ ಕೊಳ್ಳುವವನು ನೀರಿಗೆ ಬೆಲೆ ಕೊಡುವುದಿಲ್ಲ. ಶೇಕಡ 25ರಷ್ಟು ನೀರಿರುವ 100 ಕಿಲೋಗ್ರಾಂ ಕಾಳಿನಲ್ಲಿ ನಿಜವಾದ ಧಾನ್ಯ 75 ಕಿಲೋಗ್ರಾಂ. ಅದನ್ನು ಶೇಕಡ 15ಕ್ಕೆ ಒಣಗಿಸಿದರೆ ಉಳಿಯುವ ತೂಕ 88 ಕಿಲೋಗ್ರಾಮಿಗೆ ತುಸು ಹೆಚ್ಚು. ವ್ಯಾಪಾರಿಯು ಈ ತೂಕದ ನಷ್ಟವನ್ನೂ ಕಳೆಯುತ್ತಾನೆ, ಒಣಗಿಸುವ ಖರ್ಚನ್ನೂ ಕಳೆಯುತ್ತಾನೆ. ಹೀಗೆ ಅವಸರಪಟ್ಟು ಮಾರುವವನಿಗೆ ಎರಡು ಕಡೆಯಿಂದ ಕತ್ತರಿ ಬೀಳುತ್ತದೆ.

ಇನ್ನೂ ಒಂದು ಕಾರಣವನ್ನು ಗಮನಿಸಬೇಕು. ಆ ಪ್ರಾಂತ್ಯದ ರೈತರು ಬಹುಮಟ್ಟಿಗೆ ಸೋಯಾ ಅವರೆಯನ್ನೂ ಮೆಕ್ಕೆಜೋಳವನ್ನೂ ಜೊತೆಜೊತೆಯಾಗಿ ಬೆಳೆಯುತ್ತಾರೆ. ಎರಡಕ್ಕೂ ಕೊಯ್ಲಿನ ಯಂತ್ರ ಒಂದೇ. ದುಡಿಯುವ ಕೈಗಳೂ ಅವೇ. ಸೋಯಾ ಅವರೆಯ ಕಾಯಿ ಒಣಗಿದ ಮೇಲೆ ಬಹಳ ದಿನ ತಾಳುವುದಿಲ್ಲ. ಬಿರಿದು ಕಾಳನ್ನು ನೆಲಕ್ಕೆ ಚೆಲ್ಲುತ್ತದೆ. ಮೆಕ್ಕೆಜೋಳದ ತೆನೆಗಾದರೋ ಪ್ರಕೃತಿಯೇ ಸಿಪ್ಪೆಯ ಮುಸುಕು ಹೊದಿಸಿದೆ. ಹಳೆಯ ಮೈಸೂರಿನ ಕಡೆಯ ಜನ ಇದನ್ನು ಮುಸುಕಿನ ಜೋಳವೆಂದು ಕರೆದುದು ಅರ್ಥವತ್ತಾಗಿಯೇ ಇದೆ. ತಾಳಲಾರದ ಬೆಳೆಯನ್ನು ಮೊದಲು ಮನೆಗೆ ತಂದು, ತಾಳಬಲ್ಲ ಬೆಳೆಯನ್ನು ಹೊಲದಲ್ಲಿ ನಿಲ್ಲಿಸುವುದು ವಿವೇಕವೇ ಹೊರತು ಆಲಸ್ಯವಲ್ಲ.

ನೆಲದ ಸ್ಥಿತಿಯೂ ಕೈ ಕಟ್ಟಿಹಾಕುವುದುಂಟು. ಶರತ್ಕಾಲದಲ್ಲಿ ಮಳೆ ಹಿಡಿದುಕೊಂಡರೆ ಹೊಲ ಕೆಸರಾಗುತ್ತದೆ. ಹಲವು ಟನ್ ತೂಗುವ ಕೊಯ್ಲಿನ ಯಂತ್ರವನ್ನು ಅಂಥ ನೆಲದ ಮೇಲೆ ಓಡಿಸಿದರೆ ಚಕ್ರಗಳು ಹೂತುಹೋಗುವುದು ಒಂದು ಕಷ್ಟವಾದರೆ, ಮಣ್ಣು ಒತ್ತಿ ಗಟ್ಟಿಯಾಗಿ ಮುಂದಿನ ವರ್ಷಗಳ ಬೆಳೆಗೂ ಬೇರು ಬಿಡಲು ಅವಕಾಶವಿಲ್ಲದಂತಾಗುವುದು ಅದಕ್ಕಿಂತ ದೊಡ್ಡ ಕಷ್ಟ. ಆದ್ದರಿಂದ ಅನುಭವಸ್ಥ ರೈತನು ನೆಲ ಹೆಪ್ಪುಗಟ್ಟುವವರೆಗೂ ಕಾಯುತ್ತಾನೆ. ಕೊರೆಯುವ ಚಳಿಯಲ್ಲಿ ನೆಲ ಕಲ್ಲಿನಂತಾದ ಮೇಲೆ ಯಂತ್ರವನ್ನು ಇಳಿಸುತ್ತಾನೆ. ಚಳಿ ಅವನಿಗೆ ಶತ್ರುವೂ ಹೌದು, ಒಮ್ಮೊಮ್ಮೆ ಮಿತ್ರನೂ ಹೌದು.

ಕಾಯುವ ಈ ಪದ್ಧತಿ ಹೊಸದೇನಲ್ಲ. ಮೆಕ್ಕೆಜೋಳದ ತವರು ಮೆಕ್ಸಿಕೊ. ಅಲ್ಲಿನ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಕಾಡುಹುಲ್ಲೊಂದನ್ನು ಪಳಗಿಸಿ ಮನುಷ್ಯರು ಈ ಧಾನ್ಯವನ್ನು ಪಡೆದರೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಸಣ್ಣ ರೈತರಲ್ಲಿ ಒಂದು ಸೊಗಸಾದ ರೂಢಿಯಿದೆ. ತೆನೆ ಬಲಿತ ಮೇಲೆ ಅವರು ಅದನ್ನು ಮುರಿದು ತರುವುದಿಲ್ಲ. ತೆನೆಯ ಕೆಳಗೆ ದಂಟನ್ನು ಬಗ್ಗಿಸಿ, ತೆನೆಯ ತುದಿ ನೆಲದ ಕಡೆ ನೋಡುವಂತೆ ಮಾಡಿ ಬಿಡುತ್ತಾರೆ. ಮಳೆ ಬಂದರೆ ನೀರು ತೆನೆಯೊಳಗೆ ಇಳಿಯದೆ ಸಿಪ್ಪೆಯ ಮೇಲೆ ಜಾರಿಹೋಗುತ್ತದೆ. ಹಕ್ಕಿಗಳಿಗೆ ಕಾಳು ಕುಕ್ಕುವುದು ಕಷ್ಟವಾಗುತ್ತದೆ. ಬಾಗಿದ ದಂಟುಗಳ ನಡುವೆ ಬೆಳಕು ಬೀಳುವುದರಿಂದ ಅಲ್ಲಿ ಹುರುಳಿಕಾಯಿಯ ಬೀಜ ಬಿತ್ತುವುದೂ ಉಂಟು. ಬಳ್ಳಿಗೆ ಆ ದಂಟೇ ಆಸರೆ. ಹೊಲವೇ ಅವರಿಗೆ ಕಣ, ಹೊಲವೇ ಕಣಜ. ಓದುಬರಹವಿಲ್ಲದ ರೈತರು ತಲೆಮಾರುಗಳ ಅನುಭವದಿಂದ ಕಂಡುಕೊಂಡ ಈ ಉಪಾಯದಲ್ಲಿ ವಿಜ್ಞಾನ ಅಡಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಅಮೆರಿಕದಲ್ಲಿಯೂ ಯಂತ್ರಗಳು ಬರುವ ಮೊದಲು ತೆನೆಗಳನ್ನು ಕೈಯಿಂದಲೇ ಸುಲಿಯುತ್ತಿದ್ದರು. ಆ ಕೆಲಸ ಚಳಿಗಾಲದೊಳಕ್ಕೂ ಸಾಗುತ್ತಿತ್ತು. ತೆನೆಗಳನ್ನು ಇಡಿಯಾಗಿಯೇ, ಮರದ ಪಟ್ಟಿಗಳ ನಡುವೆ ಸಂದು ಬಿಟ್ಟು ಕಟ್ಟಿದ ಕಣಜಗಳಲ್ಲಿ ತುಂಬುತ್ತಿದ್ದರು. ಸಂದುಗಳಲ್ಲಿ ಗಾಳಿಯಾಡಿ ತೆನೆ ನಿಧಾನವಾಗಿ ಒಣಗುತ್ತಿತ್ತು. ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಹೊಲದಲ್ಲಿಯೇ ಕಾಳು ಬಿಡಿಸುವ ಯಂತ್ರಗಳು ಬಂದುವು. ಬಿಡಿಸಿದ ಕಾಳಿನ ರಾಶಿಯಲ್ಲಿ ಗಾಳಿ ಅಷ್ಟು ಸುಲಭವಾಗಿ ಆಡುವುದಿಲ್ಲ. ಆದ್ದರಿಂದ ಒಣಗಿಸುವ ಯಂತ್ರಗಳು ಅನಿವಾರ್ಯವಾದುವು. 1973ರಲ್ಲಿ ತೈಲದ ಬೆಲೆ ಏಕಾಏಕಿ ಏರಿದಾಗ ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದು ರೈತರಿಗೆ ಮನವರಿಕೆಯಾಯಿತು. ಬಿಸಿಲಿನಲ್ಲಿ ಒಣಗಿದಷ್ಟೂ ಲಾಭವೆಂಬ ಹಳೆಯ ಮಾತಿಗೆ ಹೊಸ ಬೆಲೆ ಬಂತು.

ಆದರೆ ಕಾಯುವುದೆಲ್ಲ ರೈತನ ಇಚ್ಛೆಯಿಂದಲೇ ಆಗುತ್ತದೆಂದು ಭಾವಿಸಬಾರದು. 2019ನೆಯ ವರ್ಷ ಇದಕ್ಕೆ ಸಾಕ್ಷಿ. ಆ ವರ್ಷದ ವಸಂತದಲ್ಲಿ ಅಮೆರಿಕದ ಮಧ್ಯಪ್ರಾಂತ್ಯದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಸುಮಾರು 1 ಕೋಟಿ 90 ಲಕ್ಷ ಎಕರೆ ಭೂಮಿಯಲ್ಲಿ ರೈತರಿಗೆ ಉದ್ದೇಶಿಸಿದ ಬೆಳೆಯನ್ನು ಬಿತ್ತಲೇ ಆಗಲಿಲ್ಲ. ಬಿತ್ತಿದ ಕಡೆಗಳಲ್ಲಿಯೂ ಬಿತ್ತನೆ ತಡವಾಯಿತು; ತಡವಾಗಿ ಬಿತ್ತಿದ್ದು ತಡವಾಗಿ ಬಲಿಯಿತು. ಬೆಚ್ಚನೆಯ ಸೆಪ್ಟೆಂಬರಿನಲ್ಲಿ ಕಾಳಿನ ತೇವ ದಿನಕ್ಕೆ ಶೇಕಡ ಮುಕ್ಕಾಲರಿಂದ ಒಂದರಷ್ಟು ಇಳಿಯುತ್ತದೆ. ಅಕ್ಟೋಬರಿನ ಕೊನೆಗೆ ಅದರ ಅರ್ಧ. ನವೆಂಬರಿನ ಚಳಿಯಲ್ಲಿ ಬಹುತೇಕ ನಿಂತೇ ಹೋಗುತ್ತದೆ. ಆ ವರ್ಷದ ಬೆಳೆ ಬಲಿಯುವ ಹೊತ್ತಿಗೆ ಒಣಗುವ ಕಾಲವೇ ಕಳೆದುಹೋಗಿತ್ತು. ಎಲ್ಲರ ಕಾಳೂ ಒದ್ದೆಯಾಗಿ, ಎಲ್ಲರ ಯಂತ್ರಗಳೂ ಒಮ್ಮೆಲೇ ಉರಿಯತೊಡಗಿದಾಗ ಪ್ರೊಪೇನ್ ಅನಿಲಕ್ಕೆ ಕೊರತೆಯುಂಟಾಯಿತು. ಉತ್ತರ ಡಕೋಟಾ ರಾಜ್ಯದಲ್ಲಿ ಡಿಸೆಂಬರಿನ ಮೊದಲ ವಾರ ಕಳೆದರೂ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ಹೊಲದಲ್ಲಿಯೇ ನಿಂತಿತ್ತು. ಮಂಜಿನಲ್ಲಿ ಮೊಣಕಾಲುದ್ದ ಹೂತ ಆ ದಂಟುಗಳನ್ನು ಕಂಡು ರೈತರನ್ನು ಸೋಮಾರಿಗಳೆಂದು ಕರೆಯಲು ಯಾರಿಗಾದರೂ ಮನಸ್ಸು ಬಂದೀತೆ?

ನಿಂತ ಬೆಳೆಯಿಂದ ಇತರರಿಗೂ ಉಪಕಾರವಾಗುವ ಸಂದರ್ಭಗಳುಂಟು. ಮಿನ್ನೆಸೋಟಾ ರಾಜ್ಯದ ಸಾರಿಗೆ ಇಲಾಖೆಯು ಹೆದ್ದಾರಿಯ ಮಗ್ಗುಲಿನ ರೈತರಿಗೆ ಹಣ ಕೊಟ್ಟು ಮೆಕ್ಕೆಜೋಳದ ಕೆಲವು ಸಾಲುಗಳನ್ನು ಚಳಿಗಾಲವೆಲ್ಲ ಹಾಗೆಯೇ ನಿಲ್ಲಿಸುವಂತೆ ಏರ್ಪಾಡು ಮಾಡಿದೆ. ಬಯಲಿನಲ್ಲಿ ಬೀಸಿ ಬರುವ ಗಾಳಿ ಈ ದಂಟುಗಳಿಗೆ ತಾಗಿ ವೇಗ ಕಳೆದುಕೊಳ್ಳುತ್ತದೆ. ಗಾಳಿ ಹೊತ್ತು ತಂದ ಮಂಜು ರಸ್ತೆಯನ್ನು ಮುಟ್ಟುವ ಮೊದಲೇ ಹೊಲದಲ್ಲಿ ಬಿದ್ದುಬಿಡುತ್ತದೆ. ರಸ್ತೆ ತೆರೆದಿರುತ್ತದೆ, ಪ್ರಯಾಣಿಕರ ಜೀವ ಉಳಿಯುತ್ತದೆ. ಕಾರಣವನ್ನು ತಿಳಿಯದ ಪ್ರಯಾಣಿಕನು ತನ್ನನ್ನು ಕಾಪಾಡುತ್ತಿರುವ ಆ ಸಾಲುಗಳನ್ನೇ ನೋಡಿ ರೈತನ ಅಲಕ್ಷ್ಯಕ್ಕೆ ಮೂಗು ಮುರಿಯುತ್ತಿರಬಹುದು! ಇನ್ನು ಕೆಲವರು ಕಾಡುಕೋಳಿ, ಜಿಂಕೆ ಮೊದಲಾದ ಪ್ರಾಣಿಪಕ್ಷಿಗಳಿಗೆ ಚಳಿಗಾಲದಲ್ಲಿ ಆಹಾರವಾಗಲೆಂದು ಹೊಲದ ಒಂದು ಮೂಲೆಯನ್ನು ಬಿಡುವುದೂ ಉಂಟು.

ಇಷ್ಟು ಹೇಳಿದ ಮಾತ್ರಕ್ಕೆ ಕಾಯುವುದೇ ಯಾವಾಗಲೂ ಶ್ರೇಯಸ್ಕರವೆಂದು ತಿಳಿಯಬಾರದು. ತಾಳಿದವನು ಬಾಳಿಯಾನು ಎಂಬುದು ನಿಜ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದೂ ನಿಜ. ದಿನ ಕಳೆದಂತೆ ದಂಟು ಕೊಳೆತು ಬಲಗುಂದುತ್ತದೆ. ಒಂದು ಬಿರುಗಾಳಿ ಬೀಸಿದರೆ ಸಾಲುಸಾಲಾಗಿ ನೆಲಕ್ಕೊರಗುತ್ತದೆ. ಬಿದ್ದ ತೆನೆಯನ್ನು ಯಂತ್ರ ಎತ್ತಿಕೊಳ್ಳಲಾರದು. ಒಂದು ಚದರ ಅಡಿ ನೆಲದಲ್ಲಿ ಎರಡೇ ಎರಡು ಕಾಳು ಬಿದ್ದಿದ್ದರೂ ಎಕರೆಗೆ ಸುಮಾರು 25 ಕಿಲೋಗ್ರಾಂ ನಷ್ಟವಾದಂತೆ. ಕಣ್ಣಿಗೆ ಎರಡು ಕಾಳು ಏನೂ ಅಲ್ಲ. ಹೊಲದ ಲೆಕ್ಕದಲ್ಲಿ ಅದು ಮೂಟೆಗಳಾಗುತ್ತದೆ. ಬೆಳೆವಿಮೆಯ ಅವಧಿಯೂ ಅಲ್ಲಿ ಸಾಮಾನ್ಯವಾಗಿ ಡಿಸೆಂಬರ್ 10ಕ್ಕೆ ಮುಗಿಯುತ್ತದೆ. ಅನಿಲದ ಖರ್ಚು ಒಂದು ತಕ್ಕಡಿಯಲ್ಲಿ, ಬೀಳುವ ತೆನೆಯ ನಷ್ಟ ಇನ್ನೊಂದು ತಕ್ಕಡಿಯಲ್ಲಿ. ಪ್ರತಿದಿನವೂ ಬೆಳಗ್ಗೆ ಎದ್ದು ದಂಟನ್ನು ತಳ್ಳಿ ನೋಡಿ, ಆಕಾಶವನ್ನು ನೋಡಿ ರೈತನು ಈ ತಕ್ಕಡಿಯನ್ನು ತೂಗಬೇಕು.

ಈ ತೂಗುವಿಕೆ ತಪ್ಪಿದಾಗ ಆಗುವ ಹಾನಿ ಹಣದಲ್ಲಿಯೇ ಮುಗಿಯುವುದಿಲ್ಲ. ಭಾರತದಲ್ಲಿ 1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಬುಡಕಟ್ಟು ಹಳ್ಳಿಗಳಲ್ಲಿ ಕಾಮಾಲೆಯಂಥ ಒಂದು ಭೀಕರ ಕಾಯಿಲೆ ಹಬ್ಬಿತು. ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಹೋಗಿ ಪರೀಕ್ಷಿಸಿದಾಗ ಆ ಜನರ ನಿತ್ಯದ ಆಹಾರವಾದ ಮೆಕ್ಕೆಜೋಳದಲ್ಲಿಯೇ ವಿಷವಿದ್ದುದು ಗೊತ್ತಾಯಿತು. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು ತೆನೆಗಳು ನೆನೆದಿದ್ದುವು. ಅವುಗಳನ್ನು ಒಣಗಿಸಲು ಅನುಕೂಲವಿರಲಿಲ್ಲ. ಒಣಗಿದ ಜಾಗದಲ್ಲಿ ಇಡಲು ಕಣಜವಿರಲಿಲ್ಲ. ಒದ್ದೆ ಕಾಳಿನ ಮೇಲೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಿತ್ತು. ಕಾಳು ಕೆಟ್ಟಿರುವುದು ಕಂಡರೂ ಅದನ್ನು ಚೆಲ್ಲಿ ಬೇರೆ ಆಹಾರ ಕೊಳ್ಳುವ ಶಕ್ತಿ ಆ ಬಡವರಿಗೆಲ್ಲಿತ್ತು? ಬರಗಾಲದಲ್ಲಿ ಬೇಯುತ್ತಿದ್ದ ಆ ಜನಕ್ಕೆ ಬೆಳೆದ ಅನ್ನವೇ ಮೃತ್ಯುವಾಯಿತು.

ಸಿರಿವಂತ ದೇಶದಲ್ಲಿ ಈ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. 2009ರ ಶರತ್ಕಾಲ ಅಮೆರಿಕದಲ್ಲಿ ತಂಪಾಗಿಯೂ ಒದ್ದೆಯಾಗಿಯೂ ಇತ್ತು. ಕೊಯ್ಲು ಚಳಿಗಾಲದೊಳಕ್ಕೆ ಸರಿಯಿತು. ಚೆನ್ನಾಗಿ ಒಣಗದ ಕಾಳು ದೊಡ್ಡ ದೊಡ್ಡ ಉಕ್ಕಿನ ಕಣಜಗಳನ್ನು ಸೇರಿತು. ಇಂಥ ಕಾಳು ಒಳಗೆ ಬೂಷ್ಟು ಹಿಡಿದು ಗಟ್ಟೆಗಟ್ಟಿ ಕೆಳಗೆ ಇಳಿಯದೆ ನಿಲ್ಲುತ್ತದೆ. ಅದನ್ನು ಕೆದಕಿ ಬಿಡಿಸಲು ಕಣಜದೊಳಕ್ಕೆ ಇಳಿದವರು ಕಾಳು ಕುಸಿದಾಗ ನೋಡನೋಡುತ್ತಿದ್ದಂತೆ ಅದರಲ್ಲಿ ಹೂತುಹೋಗುತ್ತಾರೆ. ಇಂಥ ಅವಘಡಗಳ ದಾಖಲೆಯನ್ನು ಇಟ್ಟುಕೊಂಡು ಬಂದಿರುವ ಪರ್ಡ್ಯೂ ವಿಶ್ವವಿದ್ಯಾಲಯದ ಎಣಿಕೆಯಂತೆ 2010ರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಹೀಗೆ ಕಾಳಿನಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಅನೇಕರು ಬದುಕಲಿಲ್ಲ. ಸತ್ತವರಲ್ಲಿ ರಜೆಯ ದಿನಗಳಲ್ಲಿ ಕೂಲಿಗೆ ಹೋದ ಶಾಲಾ ವಯಸ್ಸಿನ ಹುಡುಗನೂ ಇದ್ದ. ಕಾಳಿನಲ್ಲಿ ಉಳಿದ ನೀರು ಎಷ್ಟು ದೂರದವರೆಗೆ ಬೆನ್ನಟ್ಟಿ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದೇ ಬೆಳೆ, ಇದೇ ನೀರು, ಇದೇ ಚಿಂತೆ ಕರ್ನಾಟಕದಲ್ಲಿಯೂ ಇವೆ. ದೇಶದಲ್ಲಿ ಮೆಕ್ಕೆಜೋಳವನ್ನು ಹೆಚ್ಚಾಗಿ ಬೆಳೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾವೇರಿ, ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಬಿತ್ತಿದ ಬೆಳೆ ಅಕ್ಟೋಬರಿನ ಹೊತ್ತಿಗೆ ಬಲಿಯುತ್ತದೆ. ಉತ್ತರ ಕರ್ನಾಟಕದವರು ಗೋವಿನಜೋಳವೆಂದು ಕರೆಯುವ ಈ ಬೆಳೆಯನ್ನು ಇಲ್ಲಿಯೂ ರೈತರು ಕೆಲವು ವಾರ ಗಿಡದಲ್ಲಿಯೇ ಒಣಗಲು ಬಿಡುವುದುಂಟು. ಇಲ್ಲಿ ಮಂಜಿನ ಭಯವಿಲ್ಲ; ಆದರೆ ಬಂಗಾಳಕೊಲ್ಲಿಯ ಚಂಡಮಾರುತಗಳ ಭಯವಿದೆ. ಮೂರು ದಿನದ ಜಡಿಮಳೆ ಹಿಡಿದರೆ ತೆನೆಯ ಮೇಲೆಯೇ ಕಾಳು ಮೊಳೆಯುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಬೇಗ ಮುರಿದು ತಂದರೂ ನೆಮ್ಮದಿಯಿಲ್ಲ. ಬೆಂಬಲ ಬೆಲೆಗೆ ಕೊಳ್ಳಬೇಕಾದರೆ ಕಾಳಿನಲ್ಲಿ ತೇವ ಶೇಕಡ 14ನ್ನು ಮೀರಬಾರದೆಂಬ ನಿಯಮವಿದೆ. ಒಣಗಿಸಲು ವಿಶಾಲವಾದ ಕಣ ಬೇಕು. ಕಣವಿಲ್ಲದವರು ಹೆದ್ದಾರಿಯ ಅಂಚಿನಲ್ಲಿಯೇ ಕಾಳು ಹರವುತ್ತಾರೆ. ರಾತ್ರಿಯೆಲ್ಲ ತಾಡಪತ್ರಿ ಹೊದಿಸಿ ಕಾವಲು ಕಾಯುತ್ತಾರೆ. ಆ ಕಾಳಿನ ಮೇಲೆ ವಾಹನ ಜಾರಿ ಸವಾರರು ಬಿದ್ದರೆ ರೈತನಿಗೆ ನಿಂದೆ. ರಸ್ತೆ ಬಿಟ್ಟು ಹೊಲದಲ್ಲಿಯೇ ನಿಲ್ಲಿಸಿ ಮಳೆಗೆ ಸಿಕ್ಕರೆ ನಷ್ಟ. ಅವನು ಎತ್ತ ಹೋಗಬೇಕು?

ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಗುರುತಿಸಬೇಕು. ಅಯೋವಾದ ರೈತನಿಗೆ ಕಾಯುವುದು ಒಂದು ಆಯ್ಕೆ; ಬೇಡವೆನಿಸಿದಾಗ ಯಂತ್ರವಿದೆ, ಕಣಜವಿದೆ, ವಿಮೆಯಿದೆ. ಅಂಥವನಿಗೂ 2019ರಂಥ ವರ್ಷ ಕೈ ಕಟ್ಟಿಹಾಕಿತು. ಹಾವೇರಿಯ ಎರಡೆಕರೆ ರೈತನಿಗೆ ಕಾಯುವುದೂ ಕಷ್ಟ, ಕಾಯದಿರುವುದೂ ಕಷ್ಟ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುತ್ತಾನೆ. ಹಿಂಗಾರಿಗೆ ಕಡಲೆಯನ್ನೋ ಬಿಳಿಜೋಳವನ್ನೋ ಬಿತ್ತಬೇಕಾದರೆ ನೆಲ ತೆರವಾಗಬೇಕು. ತೆನೆ ಮುರಿಯಲು ಆಳು ಸಿಕ್ಕಿದ ದಿನವೇ ಕೊಯ್ಲಿನ ದಿನ. ಒಕ್ಕುವ ಯಂತ್ರ ಊರಿಗೆ ಬಂದ ದಿನವೇ ಒಕ್ಕಣೆಯ ದಿನ. ಹೀಗೆ ಒದ್ದೆ ಕಾಳನ್ನೇ ಮಾರುಕಟ್ಟೆಗೆ ಹೊತ್ತು, ಹೇಳಿದ ಬೆಲೆಗೆ ಕೊಟ್ಟು ಬರುವವರೇ ಹೆಚ್ಚು. ಒಣಗಿಸುವ ಅನುಕೂಲವಿದ್ದವನ ಕಾಲಹರಣವನ್ನು ಲೋಕ ಜಾಣತನವೆನ್ನುತ್ತದೆ. ಅದಿಲ್ಲದವನ ಅವಸರವನ್ನು ಅಜ್ಞಾನವೆನ್ನುತ್ತದೆ. ಎರಡೂ ನಿಜವಲ್ಲ. ಇಬ್ಬರಲ್ಲಿಯೂ ಬುದ್ಧಿಯಿದೆ, ಒಬ್ಬನಲ್ಲಿ ಮಾತ್ರ ಸಾಧನವಿದೆ.

ಆದುದರಿಂದ ರೈತನಿಗೆ ಉಪದೇಶ ಮಾಡುವುದಕ್ಕಿಂತ ಮೊದಲು ಅವನಿಗೆ ಸಾಧನವನ್ನು ಒದಗಿಸುವುದು ಸಮಾಜದ ಕರ್ತವ್ಯ. ಪ್ರತಿ ಹಳ್ಳಿಗೂ ಒಂದು ಸಾರ್ವಜನಿಕ ಕಣ, ನಾಲ್ಕಾರು ಹಳ್ಳಿಗಳಿಗೆ ಸಹಕಾರಿ ತತ್ತ್ವದ ಮೇಲೆ ನಡೆಯುವ ಒಂದು ಒಣಗಿಸುವ ಯಂತ್ರ, ಒಣಗಿದ ಕಾಳನ್ನಿಟ್ಟು ಅದರ ಆಧಾರದ ಮೇಲೆ ಸಾಲ ಪಡೆಯಬಹುದಾದ ಉಗ್ರಾಣ: ಇವು ಅಸಾಧ್ಯವಾದ ಬೇಡಿಕೆಗಳಲ್ಲ. ತಿಳಿವಳಿಕೆಯೂ ಬೇಕು. ಚೆನ್ನಾಗಿ ಒಣಗಿದ ಉಪ್ಪನ್ನೂ ಒಂದಿಷ್ಟು ಕಾಳನ್ನೂ ಒಣಗಿದ ಗಾಜಿನ ಸೀಸೆಗೆ ಹಾಕಿ ಕುಲುಕಿ, ಸ್ವಲ್ಪ ಹೊತ್ತು ಇಟ್ಟು ನೋಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ಇನ್ನೂ ಶೇಕಡ 15ಕ್ಕಿಂತ ಹೆಚ್ಚು ನೀರಿದೆಯೆಂದು ತಿಳಿಯಬಹುದು. ಇಷ್ಟು ಸರಳವಾದ ಪರೀಕ್ಷೆಯನ್ನು ಶಾಲೆಯ ಮಕ್ಕಳೂ ತಮ್ಮ ಮನೆಯ ಕಣದಲ್ಲಿ ಮಾಡಿ ತೋರಿಸಬಹುದು. 1974ರಲ್ಲಿ ಸತ್ತವರ ಕೈಯಲ್ಲಿ ಈ ತಿಳಿವಳಿಕೆಯೂ ಒಂದು ಒಣ ಕಣಜವೂ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಬದುಕಿರುತ್ತಿದ್ದರು.

ಅಂಥ ಅನುಕೂಲಗಳಿಗೆ ಹಣ ಎಲ್ಲಿಂದ ಬರಬೇಕೆಂದು ಕೇಳುವವರಿರಬಹುದು. ಪ್ರಶ್ನೆ ಸಹಜವೇ. ಆದರೆ ಪ್ರತಿವರ್ಷ ಕಣದಲ್ಲಿ ಕೊಳೆಯುವ ಕಾಳಿಗೂ, ನೆನೆದ ಕಾಳೆಂದು ಬೆಲೆಯಲ್ಲಿ ಮುರಿದುಕೊಳ್ಳುವ ಹಣಕ್ಕೂ, ಬೂಷ್ಟು ಹಿಡಿದ ಕಾಳು ತಿಂದು ಕಾಯಿಲೆ ಬೀಳುವ ಜನ ಮತ್ತು ದನಕೋಳಿಗಳಿಗೂ ಲೆಕ್ಕವಿಡಬೇಡವೆ? ಆ ನಷ್ಟವನ್ನು ಸದ್ಯಕ್ಕೆ ರೈತನೊಬ್ಬನೇ ಹೊರುತ್ತಿದ್ದಾನೆ. ಅವನು ಹೊರುತ್ತಿರುವುದರಿಂದ ಅದು ಯಾರ ಪುಸ್ತಕದಲ್ಲಿಯೂ ಖರ್ಚಾಗಿ ಕಾಣುವುದಿಲ್ಲ, ಅಷ್ಟೆ. ಮಂಜನ್ನು ತಡೆಯುವ ಜೋಳದ ಸಾಲುಗಳಿಗೆ ರಸ್ತೆಯ ಹಣದಿಂದ ಪ್ರತಿಫಲ ಕೊಡುವ ಸರ್ಕಾರವೊಂದು ಇರುವಾಗ, ಅನ್ನವನ್ನು ಕಾಪಾಡುವ ಕಣಕ್ಕೆ ಸಾರ್ವಜನಿಕರ ಹಣ ಸಲ್ಲದೆಂದು ಹೇಳಲು ಕಾರಣವಿಲ್ಲ.

ಮುಂದೊಮ್ಮೆ ಸುಗ್ಗಿ ಕಳೆದರೂ ಕೊಯ್ಯದೆ ನಿಂತ ಹೊಲವನ್ನು ಕಂಡವರು ತೀರ್ಪು ಕೊಡುವ ಮೊದಲು ಕ್ಷಣಕಾಲ ನಿಲ್ಲುವುದು ಒಳ್ಳೆಯದು. ಆ ಹೊಲದ ಒಡೆಯನು ಮನೆಯಲ್ಲಿ ನಿದ್ರಿಸುತ್ತಿರುವುದಿಲ್ಲ. ಅವನು ಪ್ರತಿದಿನ ಆ ಬದುವಿನ ಮೇಲೆ ನಡೆದು ಬಂದು, ಒಂದು ತೆನೆಯ ಸಿಪ್ಪೆ ಸರಿಸಿ, ಎರಡು ಕಾಳು ಬಿಡಿಸಿ ಹಲ್ಲಿನಲ್ಲಿ ಕಚ್ಚಿ ನೋಡಿ, ಇನ್ನೆರಡು ದಿನ ಬಿಡಬಹುದೇ ಬೇಡವೇ ಎಂದು ಯೋಚಿಸುತ್ತಾ ಹಿಂದಿರುಗಿರುತ್ತಾನೆ. ಅವನ ಆ ಯೋಚನೆ ಸರಿಹೋದರೆ ಲೋಕಕ್ಕೆ ಕೆಡದ ಅನ್ನ ದೊರೆಯುತ್ತದೆ. ಸರಿಹೋಗದಿದ್ದರೆ ಆ ನಷ್ಟವನ್ನು ಅವನೊಬ್ಬನೇ ಹೊರುವಂತೆ ಬಿಡದಿರುವುದು ಉಣ್ಣುವವರೆಲ್ಲರ ಹೊಣೆ.